‘ನೋ ಫಾಲ್ಟ್’ ಡಿವೋರ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ವಿಚ್ಛೇದನ ಕಾನೂನಿನ ಬಗ್ಗೆ ಬರೆಯುತ್ತಿದ್ದೇನೆ. ‘ನೋ ಫಾಲ್ಟ್’, ಅಂದರೆ ಯಾರ ತಪ್ಪನ್ನೂ ತೋರಿಸದೆ ವಿಚ್ಛೇದನ ಪಡೆಯುವುದು, ಅನ್ನುವ ಮಾತಿಗೆ ಕನ್ನಡ ಸಿಗುತ್ತಿಲ್ಲ. ಈ ಕಾನೂನಿಗೆ ರೊನಾಲ್ಡ್ ರೇಗನ್ ಅಲ್ಲಿನ ಗವರ್ನರ್ ಆಗಿದ್ದಾಗ, 1969ರಲ್ಲಿ ಸಹಿ ಹಾಕಿದರು. 1970ರ ಜನವರಿ 1ರಂದು ಜಾರಿಗೆ ಬಂತು. ಅಲ್ಲಿಯವರೆಗೆ ವ್ಯಭಿಚಾರ, ಕ್ರೌರ್ಯ, ಬಿಟ್ಟುಹೋದದ್ದು ಹೀಗೆ ಏನಾದರೊಂದು ತಪ್ಪನ್ನು ಕೋರ್ಟಿನಲ್ಲಿ ತೋರಿಸಬೇಕಿತ್ತು. ಇಬ್ಬರಿಗೂ ಸಾಕಾಗಿದ್ದರೂ ಒಬ್ಬರ ಮೇಲೆ ತಪ್ಪು ಹೊರಿಸದೆ ಬಿಡುಗಡೆ ಇರಲಿಲ್ಲ. ಎಷ್ಟೋ ಜನ ಸುಳ್ಳು ಸಾಕ್ಷಿ ಹೇಳಿಸುತ್ತಿದ್ದರು.

‘ದೋಷರಹಿತ ವಿಚ್ಛೇದನ’ ಅಂದರೆ ವಿಚ್ಛೇದನದಲ್ಲಿ ಐಬಿಲ್ಲ ಅಂದಂತಾಗುತ್ತದೆ. ‘ತಪ್ಪಿಲ್ಲದ’ ಅಂದರೆ ಗಂಡ ಹೆಂಡತಿ ಇಬ್ಬರೂ ಸರಿ ಅಂತ ಜಡ್ಜ್ ಹೇಳಿದ ಹಾಗೆ. ಕಾನೂನು ಅದನ್ನೂ ಹೇಳುವುದಿಲ್ಲ. ತಪ್ಪು ಯಾರದು ಅಂತ ಕೇಳುವುದಿಲ್ಲ, ಅಷ್ಟೆ.

‘ಪರಸ್ಪರ ಒಪ್ಪಿಗೆಯ ವಿಚ್ಛೇದನ’ ಅಂತ ಬರೆದರಂತೂ ಅರ್ಥವೇ ಬದಲಾಗುತ್ತದೆ. ಅದು ನಮ್ಮ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ. ಜನ ‘ಮ್ಯೂಚುವಲ್’ ಅನ್ನುತ್ತಾರಲ್ಲ, ಅದೇ. ಅಲ್ಲಿ ಇಬ್ಬರ ಸಹಿಯೂ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಅರ್ಜಿ ಹಾಕಿ, ಸರಿಹೋಗದ ಭಿನ್ನಾಭಿಪ್ರಾಯ ಅಂದರೆ ಸಾಕು. ಇನ್ನೊಬ್ಬರು ಬೇಡ ಅಂದರೂ ತಡೆಯಲು ಆಗುವುದಿಲ್ಲ. ಅರ್ಜಿ ಅವರ ಕೈಸೇರಿ ಆರು ತಿಂಗಳಾಗುವವರೆಗೆ ಮದುವೆ ಮುಗಿಯುವುದಿಲ್ಲ, ಅದು ಬೇರೆ ಮಾತು. ಇದನ್ನು ‘ಒಪ್ಪಿಗೆ’ ಅಂತ ಹೇಗೆ ಕರೆಯೋದು?

ಆ ಕಾನೂನು ಡಿವೋರ್ಸ್ ಅನ್ನುವ ಪದವನ್ನೇ ಬಿಟ್ಟು ‘ಡಿಸಲ್ಯೂಷನ್’ ಅನ್ನುತ್ತದೆ. ‘ವಿಸರ್ಜನೆ’ ಅಂದರೆ ನಮಗೆ ವಿಧಾನಸಭೆಯೋ ಗಣಪತಿಯೋ ನೆನಪಾಗುತ್ತದೆ. ‘ರದ್ದು’ ಆಗದು, ಮದುವೆಯೇ ಊರ್ಜಿತವಲ್ಲ ಅನ್ನುವ ತೀರ್ಪಿಗೆ ಆ ಪದ ಬೇಕು.

‘ವಿಚ್ಛೇದನ ದರ’ವೂ ತೊಡಕಿನದೇ. ಅಮೆರಿಕದಲ್ಲಿ 1981ರಲ್ಲಿ 5.3 ಇದ್ದದ್ದು 2022ರಲ್ಲಿ 2.4ಕ್ಕೆ ಇಳಿದಿದೆ. ಇದು 1000 ಜನರಿಗೆ, 1000 ಮದುವೆಗಳಿಗಲ್ಲ. ಸುಮ್ನೆ ‘ದರ’ ಅಂದರೆ ಓದುವವರು ಮದುವೆಗಳ ಲೆಕ್ಕ ಅಂದುಕೊಳ್ಳುತ್ತಾರೆ. 2022ರ ಆ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾ ಸೇರಿಯೇ ಇಲ್ಲ ಅನ್ನುವುದು ಇನ್ನೊಂದು ತಮಾಷೆ.

ಸದ್ಯಕ್ಕೆ ‘ತಪ್ಪು ಹೊರಿಸದ ವಿಚ್ಛೇದನ’ ಅಂತ ಬರೆದುಕೊಂಡಿದ್ದೇನೆ. ಉದ್ದ ಆಯಿತು, ತಲೆಬರಹಕ್ಕೆ ಕೂರುವುದಿಲ್ಲ. ಮದುವೆಯಿಂದ ಬಿಡುಗಡೆ ಕೊಡುವ ಚೀಟಿಗೆ ಉತ್ತರ ಕರ್ನಾಟಕದವರು ‘ಸೋಡಚೀಟಿ’ ಅನ್ನುತ್ತಾರೆ. ಅದನ್ನು ಪಡೆಯಲು ತಪ್ಪು ತೋರಿಸಲೇಬೇಕಿತ್ತಾ? ಇಲ್ಲವಾದರೆ ಆ ಪದ ಇಲ್ಲಿಗೆ ಹೊಂದಬಹುದು. ಕನ್ನಡದಲ್ಲೇ ಅರ್ಜಿ ಬರೆಯುವ ವಕೀಲರು ನಿಮ್ಮಲ್ಲಿ ಇದ್ದರೆ, ನೀವು ಏನಂತ ಬರೆಯುತ್ತೀರಿ ತಿಳಿಸಿ.