ಸಹಾಯ ಬೇಕು: ಏರ್ ಪ್ಯೂರಿಫೈಯರ್ ವಿಮರ್ಶೆಗಳನ್ನು ನಂಬಬಹುದೇ?

ದೆಹಲಿಯ ಕನ್ನಡಿಗರೇ, ದೀಪಾವಳಿಯ ಹೊಗೆ ಕವಿಯುವ ಮೊದಲೇ ಏರ್ ಪ್ಯೂರಿಫೈಯರ್ ಕೊಳ್ಳಬೇಕಾಗಿದೆ; ಅಮ್ಮನಿಗೆ ಅಸ್ತಮಾ. ಕೋಣೆ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ, ಅಂದರೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕೆಂದರೆ ಗಂಟೆಗೆ 205 ಘನ ಮೀಟರ್ ಸಿಎಡಿಆರ್ (ಯಂತ್ರ ಶುದ್ಧ ಗಾಳಿ ಕೊಡುವ ದರ) ಬೇಕು. ಲೆಕ್ಕ ಇಷ್ಟೇ, ತೊಡಕಿರುವುದು ‘ಸ್ವತಂತ್ರ’ ವಿಮರ್ಶೆಗಳಲ್ಲಿ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ. ಇಬ್ಬರ ಬರಹದಡಿಯಲ್ಲೂ ಕಮಿಷನ್ ತರುವ ಖರೀದಿ ಲಿಂಕ್! ನಾನು ಓದಿದ ಅಳತೆಗಳೆಲ್ಲ ಫ್ಯಾನ್ ಪೂರ್ಣ ವೇಗದಲ್ಲಿದ್ದಾಗಿನವು. ಆ ಸದ್ದಿನಲ್ಲಿ ಅಮ್ಮ ನಿದ್ದೆ ಮಾಡಿದ ಹಾಗೆಯೇ!

ರಾತ್ರಿಯ ಕಡಿಮೆ ವೇಗದಲ್ಲಿ ಪಿಎಂ 2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳು) ಎಷ್ಟು ಇಳಿಯಿತೆಂದು ಸ್ವಂತ ಮೀಟರಿನಲ್ಲಿ ಅಳೆದವರು ಇದ್ದೀರಾ? ಫಿಲ್ಟರ್ ಎಷ್ಟು ತಿಂಗಳಿಗೊಮ್ಮೆ ಬದಲಿಸಿದಿರಿ, ಖರ್ಚೆಷ್ಟು? ಓಝೋನ್ ಬಿಡುವ ಯಂತ್ರ ಬೇಡವೇ ಬೇಡ. ಸ್ವಂತ ದುಡ್ಡು ಕೊಟ್ಟು ಕೊಂಡವರು ದಯವಿಟ್ಟು ತಿಳಿಸಿ.