ಎಸಿ 15 ನಿಮಿಷ ಊಟಿ, ಆಮೇಲೆ ಕಲಬುರಗಿ. ಸಾಕಾಗಿಹೋಗಿದೆ

ತೊಗರಿಗಾಡಿ (ಶನಿವಾರ ರಾತ್ರಿ 9:40)
ಮೂರು ಭಾನುವಾರ ಇದರಲ್ಲೇ ಹೋದವು. ಗಾಡಿಯ ಎಸಿ ಪೂರ್ತಿ ನಾನೇ ಮನೆ ಮುಂದೆ ಬಿಚ್ಚಿ ಕಟ್ಟಿದ್ದೇನೆ. ಕಂಪ್ರೆಸರ್ ಬದಲಿಸಿದೆ, ಓ-ರಿಂಗ್ ಎಲ್ಲ ಹೊಸದು, ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿದೆ, ಗ್ಯಾಸ್ ತುಂಬಿದೆ. ಹೊರಟಾಗ ಬೆರಳು ಮರಗಟ್ಟುವಷ್ಟು ತಣ್ಣಗೆ. ಜೇವರ್ಗಿ ರಸ್ತೆಗೆ ಬಿದ್ದು 15 ನಿಮಿಷಕ್ಕೆ ಬರೀ ಬಿಸಿ ಗಾಳಿ. ಹೊರಗೆ 42 ಡಿಗ್ರಿ. ಅಂಗಡಿಯವನನ್ನು ಕೇಳಿದರೆ ‘ಪೂರ್ತಿ ಕಿಟ್ ಬದಲಿಸಿ’ ಅನ್ನುತ್ತಾನೆ. ಏನು ಮಾಡಲಿ?

ಬೀದರ್‌ಡೀಸೆಲ್
ಯಾವ ಗಾಡಿ? ಯಾವ ಗ್ಯಾಸ್? ಗೇಜ್ ಎಷ್ಟು ತೋರಿಸುತ್ತದೆ? ಇದೆಲ್ಲ ನಮ್ಮ ಕನಸಿನಲ್ಲಿ ಬರಬೇಕಾ?

ತೊಗರಿಗಾಡಿ
ಬೊಲೆರೊ ಕ್ಯಾಂಪರ್ ರೀ, 2009. ಆರ್-134ಎ ಗ್ಯಾಸ್. 450 ಗ್ರಾಮಿನ ಕ್ಯಾನ್ ಒಂದೂವರೆ ಹಾಕಿದೆ. ತಣ್ಣನೆ ಗಾಳಿ ಬರುವಾಗ ನೀಲಿ ಗೇಜ್ (ಕಡಿಮೆ ಒತ್ತಡದ ಕಡೆ) 35, ಕೆಂಪು (ಹೆಚ್ಚು ಒತ್ತಡದ ಕಡೆ) 250 ಪಿಎಸ್‌ಐ.

ಫರಸಿಕಲ್ಲು
ಕಂಡೆನ್ಸರ್, ಅದೇ ಗ್ಯಾಸಿನ ಬಿಸಿ ಹೊರಹಾಕುವ ಜಾಳಿಗೆ. ಕಣ್ಣು ಮುಚ್ಚಿ ಹೇಳ್ತೇನೆ. ನಮ್ಮ ಶಹಾಬಾದ್ ಕಡೆ ಕಲ್ಲಿನ ಪುಡಿ, ನಿಮ್ಮ ಕಡೆ ತೊಗರಿ ಹೊಟ್ಟು. ಜಾಳಿಗೆಯಲ್ಲಿ ತುಂಬಿಕೊಂಡು ಗಾಳಿಯೇ ಹೋಗಲ್ಲ. ನೀರು ಹೊಡೆದು ತೊಳೆಯಿರಿ.

ತೊಗರಿಗಾಡಿ
ತೊಳೆದಾಗಿದೆ ಅಣ್ಣ.

ಫರಸಿಕಲ್ಲು
ಹಾಗಾದರೆ ಕಂಡೆನ್ಸರ್ ಫ್ಯಾನ್ ನಿಧಾನ ತಿರುಗುತ್ತಿದೆ. ಬದಲಿಸಿ.

ಗೇಜ್‌ಕಾಕಾ
ಫ್ಯಾನ್ ಕೆಟ್ಟಿದ್ದರೆ ಗಾಡಿ ನಿಂತಾಗ ಬಿಸಿ ಬರಬೇಕು, ಓಡುವಾಗ ತಣ್ಣಗಾಗಬೇಕು. ಇವರದು ಓಡುವಾಗಲೇ ಸಾಯುತ್ತಿದೆ. ಕೆಂಪು ಗೇಜ್ 250 ಇದೆ. 42 ಡಿಗ್ರಿಯಲ್ಲಿ ಅದು ಸರಿಯಾಗಿಯೇ ಇದೆ. ಫ್ಯಾನ್ ಬಿಡಿ.

ಫರಸಿಕಲ್ಲು
ಕಾಕಾ, ನಾನು ಇಪ್ಪತ್ತು ಗಾಡಿ ನೋಡಿದ್ದೇನೆ. ಇಪ್ಪತ್ತರಲ್ಲೂ ಫ್ಯಾನೇ.

ಬೀದರ್‌ಡೀಸೆಲ್
ಒಂದೂವರೆ ಕ್ಯಾನ್ ಅಂದರೇನು? ತೂಕ ಮಾಡಿ ಹಾಕಬೇಕು. ಬಾನೆಟ್ ಕೆಳಗೆ ಎಷ್ಟು ಗ್ರಾಂ ಅಂತ ಸ್ಟಿಕರ್ ಇರುತ್ತದೆ. ಅರ್ಧ ಕ್ಯಾನ್ ಅನ್ನೋದು ಉಪ್ಪಿಟ್ಟಿಗೆ ಎಣ್ಣೆ ಹಾಕಿದ ಲೆಕ್ಕ.

ಯಾದಗಿರ್_ಟ್ರಾಲಿ
ಇಷ್ಟೆಲ್ಲ ಯಾಕೆ? ನಮ್ಮೂರಲ್ಲಿ ಒಬ್ಬ ಅಡುಗೆ ಗ್ಯಾಸ್ ತುಂಬುತ್ತಾನೆ. ಚಿಲ್ ಬರುತ್ತದೆ.

ಗೇಜ್‌ಕಾಕಾ
ತಮ್ಮಾ, ಕೂಲಿಂಗ್ ಕಾಯಿಲ್ ಡ್ಯಾಶ್ ಒಳಗಿರುತ್ತದೆ. ಅದು ಸೋರಿದರೆ ಗ್ಯಾಸ್ ಬರೋದು ನಿನ್ನ ಮುಖಕ್ಕೇ. ಮೇಲೆ ನೀನು ಬೀಡಿ ಹಚ್ಚುತ್ತೀಯ. ಈ ಸಲಹೆ ಇಲ್ಲಿ ಬೇಡ.

ಬೀದರ್‌ಡೀಸೆಲ್
ನನ್ನ ಲಾರಿಗೆ ಛಾವಣಿ ಮೇಲೆ ಬ್ಯಾಟರಿ ಎಸಿ ಕೂರಿಸಿದ್ದೇನೆ. ಇಂಜಿನ್ ಬಂದ್ ಮಾಡಿ ಹುಮ್ನಾಬಾದ್ ಢಾಬಾದಲ್ಲಿ ಕಂಬಳಿ ಹೊದ್ದು ಮಲಗುತ್ತೇನೆ. ಫೋಟೋ ಹಾಕಲಾ?

ಯಾದಗಿರ್_ಟ್ರಾಲಿ
ಹಾಕಿ ಹಾಕಿ. ಈಗ ಹೊಸ ಲಾರಿಗೆ ಎಸಿ ಕಂಪಲ್ಸರಿ ಅಲ್ವಾ?

ಬೀದರ್‌ಡೀಸೆಲ್
2025 ಅಕ್ಟೋಬರ್ 1ರಿಂದ ತಯಾರಾದ ಲಾರಿಗಳಿಗೆ. ಹಳೇ ಗಾಡಿಯವರು ಟವೆಲ್ ಒದ್ದೆ ಮಾಡಿಕೊಳ್ಳುವುದೇ.

ತೊಗರಿಗಾಡಿ (ಭಾನುವಾರ ಮಧ್ಯಾಹ್ನ 2:15)
ನನ್ನ ಸಮಸ್ಯೆ ಯಾರಿಗಾದರೂ ನೆನಪಿದೆಯಾ? ಫರಸಿ ಅಣ್ಣನ ಮಾತು ಕೇಳಿ ಹೊಸ ಫ್ಯಾನ್ ಹಾಕಿದೆ. ದುಡ್ಡು ಹೋಯಿತು, ಬಿಸಿ ಗಾಳಿ ಹೋಗಲಿಲ್ಲ. ಒಂದು ವಿಚಿತ್ರ ಅಂದರೆ, ಹತ್ತು ನಿಮಿಷ ಗಾಡಿ ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಪುನಃ ತಣ್ಣಗಾಗುತ್ತದೆ.

ಗೇಜ್‌ಕಾಕಾ
ಇದನ್ನು ಮೊದಲೇ ಹೇಳಬಾರದಿತ್ತಾ! ಎರಡು ಉತ್ತರ ಬೇಕು. ಕೆಟ್ಟಾಗ ಬ್ಲೋವರ್ ಗಾಳಿ ಕಡಿಮೆ ಆಗುತ್ತದಾ? ಆಗ ನೀಲಿ ಗೇಜ್ ಎಷ್ಟು?

ತೊಗರಿಗಾಡಿ
ಗಾಳಿ ಅಷ್ಟೇ ಜೋರಾಗಿ ಬರುತ್ತದೆ. ನೀಲಿ ಮುಳ್ಳು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಕೆಂಪು 150ಕ್ಕೆ ಇಳಿಯುತ್ತದೆ. ಗೇಜೇ ಕೆಟ್ಟಿದೆ ಅಂದುಕೊಂಡಿದ್ದೆ.

ಗೇಜ್‌ಕಾಕಾ
ಗೇಜ್ ಸರಿಯಾಗಿದೆ, ಒಳಗೆ ನೀರಿದೆ. ಗ್ಯಾಸಿನ ಜೊತೆ ತಿರುಗುವ ತೇವ ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ತೂತಿನಲ್ಲಿ ಮಂಜುಗಡ್ಡೆ ಆಗಿ ಕೂರುತ್ತದೆ. ದಾರಿ ಬಂದ್. ಕಂಪ್ರೆಸರ್ ಖಾಲಿ ಎಳೆಯುತ್ತದೆ, ಮುಳ್ಳು ಸೊನ್ನೆ ದಾಟುತ್ತದೆ. ನಿಲ್ಲಿಸಿದರೆ ಕರಗುತ್ತದೆ. ಕಾಯಿಲ್ ಮೇಲೆ ಮಂಜು ಕಟ್ಟಿದ್ದರೆ ಗಾಳಿ ಕಡಿಮೆ ಆಗಬೇಕಿತ್ತು. ಮುಂದಿನ ಸಲ ಕೆಟ್ಟಾಗ ಬಿಸಿ ನೀರಲ್ಲಿ ಅದ್ದಿದ ಬಟ್ಟೆಯನ್ನು ವಾಲ್ವಿಗೆ ಸುತ್ತಿ ನೋಡಿ. ಈಗ ನಿಜ ಹೇಳಿ, ತೇವ ಹೀರುವ ಡ್ರೈಯರ್ ಹೊಸದು ಹಾಕಿದ್ದೀರಾ?

ತೊಗರಿಗಾಡಿ
ಹಳೆಯದೇ. ನೋಡಲು ಚೆನ್ನಾಗಿತ್ತು. ಬಣ್ಣ ಕೂಡ ಹೊಡೆದೆ.

ಬೀದರ್‌ಡೀಸೆಲ್
ಅಯ್ಯೋ ಬಸವಣ್ಣ.

ಗೇಜ್‌ಕಾಕಾ
ಬಿಚ್ಚಿದ ಸಿಸ್ಟಮ್ ಎಷ್ಟು ದಿನ ತೆರೆದಿತ್ತು? ಪೈಪು ಹೇಗೆ ತೊಳೆದಿರಿ?

ತೊಗರಿಗಾಡಿ
ಎರಡು ವಾರ. ನೀರಲ್ಲಿ ತೊಳೆದು ಪಂಕ್ಚರ್ ಅಂಗಡಿಯ ಗಾಳಿ ಹೊಡೆದೆ. ವ್ಯಾಕ್ಯೂಮ್ ಹಳೇ ಫ್ರಿಜ್ ಕಂಪ್ರೆಸರಿನಿಂದ, 10 ನಿಮಿಷ. ವ್ಯಾಕ್ಯೂಮ್ ಮುಳ್ಳು 24 ಇಂಚಿಗೆ (ಪಾದರಸದ ಲೆಕ್ಕ) ನಿಂತಿತು. ಇದೆಲ್ಲ ಎಲ್ಲರೂ ಮಾಡುವುದೇ ಅಲ್ವಾ?

ಗೇಜ್‌ಕಾಕಾ
ಪಂಕ್ಚರ್ ಅಂಗಡಿಯ ಟ್ಯಾಂಕಿನ ಗಾಳಿಯಲ್ಲೂ ನೀರಿರುತ್ತದೆ. ಡ್ರೈಯರ್ ಒಳಗಿನ ಕಾಳುಗಳು ತೇವ ಹೀರಲಿಕ್ಕೇ ಇರೋದು. ಎರಡು ವಾರ ಬಾಯಿ ತೆರೆದಿದ್ದರೆ ಅವು ಹೊಟ್ಟೆ ತುಂಬ ಕುಡಿದಿವೆ. 24 ಇಂಚಿನಲ್ಲಿ ನೀರು ಕುದಿಯಲು 50 ಡಿಗ್ರಿಗಿಂತ ಹೆಚ್ಚು ಬೇಕು. 28 ಮುಟ್ಟಿದರೆ ನಮ್ಮ ಬಿಸಿಲೇ ಸಾಕು, ತಾನೇ ಆವಿಯಾಗುತ್ತದೆ. ಗ್ಯಾಸ್ ಗಾಳಿಗೆ ಬಿಡಬೇಡಿ, ಮೆಷಿನ್ ಇರುವ ಅಂಗಡಿಯಲ್ಲಿ ತೆಗೆಸಿ. ಡ್ರೈಯರ್ ಹೊಸದು, ಮುಚ್ಚಳ ಕೊನೇ ಗಳಿಗೆಯಲ್ಲಿ ತೆಗೆಯಿರಿ. ಆಯಿಲ್ ಡಬ್ಬಿ ತೆರೆದಿಟ್ಟಿದ್ದರೆ ಅದೂ ಬೇಡ. ಬಾಡಿಗೆಗೆ ಸರಿಯಾದ ಪಂಪ್ ತಂದು ಒಂದು ಗಂಟೆ ಎಳೆಯಿರಿ.

ಫರಸಿಕಲ್ಲು
ವ್ಯಾಕ್ಯೂಮ್ 29 ದಾಟಬೇಕು. 28 ಅಂದರೆ ಲೀಕ್.

ಗೇಜ್‌ಕಾಕಾ
29 ದಾಟೋದು ಸಮುದ್ರದ ದಂಡೆಯಲ್ಲಿ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಒಳ್ಳೇ ಪಂಪ್ ಕೂಡ 28ರ ಆಸುಪಾಸಿಗೆ ನಿಲ್ಲುತ್ತದೆ. ಲೀಕ್ ಇದೆಯಾ ಅಂತ ತಿಳಿಯಲು ಪಂಪ್ ಬಂದ್ ಮಾಡಿ ಅರ್ಧ ಗಂಟೆ ಮುಳ್ಳು ವಾಪಸ್ ಸರಿಯುತ್ತದಾ ನೋಡಬೇಕು.

ಫರಸಿಕಲ್ಲು
ಫ್ಯಾನ್ ಹೊಸದಾದರೆ ಒಳ್ಳೆಯದೇ ಬಿಡಿ.

ತೊಗರಿಗಾಡಿ (ಒಂಬತ್ತು ದಿನ ಬಿಟ್ಟು)
ಬಿಸಿ ಬಟ್ಟೆ ಸುತ್ತಿದ ಅರ್ಧ ನಿಮಿಷಕ್ಕೆ ತಣ್ಣಗಾಯಿತು ಕಾಕಾ! ಡ್ರೈಯರ್, ಆಯಿಲ್ ಬದಲಿಸಿ, ಗಂಟೆ ವ್ಯಾಕ್ಯೂಮ್ ಎಳೆದು, ತೂಕ ಮಾಡಿ ಗ್ಯಾಸ್ ಹಾಕಿದೆ. ನಿನ್ನೆ ಜೇವರ್ಗಿಗೆ ಹೋಗಿ ಬಂದೆ. ಮನೆಯವಳು ಎಸಿ ಕಡಿಮೆ ಮಾಡು ಅಂದಳು.

ಯಾದಗಿರ್_ಟ್ರಾಲಿ
ಆ ಫ್ರಿಜ್ ಕಂಪ್ರೆಸರ್ ಕೊಡುತ್ತೀರಾ? ವ್ಯಾಕ್ಯೂಮ್ ಮಾಡಲಿಕ್ಕೆ ಬೇಕಿತ್ತು.