ಹಳೇ ಕಂಪ್ಯೂಟರ್‌ನಲ್ಲಿ ದಿನಾ ಎರರ್, ಫಾರ್ಮ್ಯಾಟ್ ಮಾಡಿಸಿದರೂ ಹೋಗುತ್ತಿಲ್ಲ

ಪ್ರಶ್ನೆ (ಮಂಡ್ಯ):
ಸರ್, ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಅರ್ಜಿ ಟೈಪಿಂಗು, ಸೀಸನ್‌ನಲ್ಲಿ ಲಗ್ನಪತ್ರಿಕೆ. ಸಿಸ್ಟಂ ಹಳೇದು: ಕೋರ್ 2 ಡ್ಯುಯೋ, ವಿಂಡೋಸ್ 7, 2 ಜಿಬಿ ರ‍್ಯಾಮ್. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಸ್ಕ್ರೀನ್ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್' ಅಂತ ಬಂದು ಎಫ್1 ಒತ್ತು ಅನ್ನುತ್ತೆ. ಒತ್ತಿದರೆ ವಿಂಡೋಸ್ ಬರುತ್ತೆ. ಆಮೇಲೆ ಯಾವ ಸೈಟ್ ತೆಗೆದರೂ 'ಕನೆಕ್ಷನ್ ಪ್ರೈವೇಟ್ ಅಲ್ಲ', ಇಲ್ಲವೇ 'ನಿಮ್ಮ ಗಡಿಯಾರ ಹಿಂದಿದೆ'. ಹೊಸ ಸ್ಕ್ಯಾನರ್ ಸಾಫ್ಟ್‌ವೇರ್ ತೆರೆದರೆ 'ವಿಸಿರನ್‌ಟೈಮ್140 ಡಿಎಲ್ಎಲ್ ಇಲ್ಲ' ಅಂತ ಯಾವುದೋ ಫೈಲ್ ಕೇಳುತ್ತೆ. ಲಗ್ನಪತ್ರಿಕೆ ಮಾಡುವ ಪೇಜ್‌ಮೇಕರ್‌ನಲ್ಲಿ ಸೇವ್ ಕೊಟ್ಟರೆ 'ನಾಟ್ ರೆಸ್ಪಾಂಡಿಂಗ್'. ಹೋದ ತಿಂಗಳು ಒಬ್ಬರ ಹತ್ತಿರ ಫಾರ್ಮ್ಯಾಟ್ ಮಾಡಿಸಿದೆ, ಏನೂ ಬದಲಾಗಲಿಲ್ಲ. ವೈರಸ್ ಇರಬಹುದಾ? ಹೊಸದೇ ತಗೊಳ್ಳಬೇಕಾ?

ಉತ್ತರ (ಹಾರ್ಡ್‌ವೇರ್ ಸರ್ವಿಸ್, ಮೈಸೂರು):
ಮೊದಲು ಮೂರು ವಿಷಯ ಹೇಳಿ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುತ್ತೀರಾ? ಬೆಳಿಗ್ಗೆ ಸ್ಕ್ರೀನ್‌ನ ಬಲಗಡೆ ಮೂಲೆಯಲ್ಲಿ ಯಾವ ವರ್ಷ ತೋರಿಸುತ್ತದೆ? ಸಿಕ್ಕಿಕೊಳ್ಳುವುದು ಪೇಜ್‌ಮೇಕರ್ ಮಾತ್ರವಾ, ಬೇರೆಯದೂ ಹಾಗೇನಾ?

ಪ್ರಶ್ನೆ ಕೇಳಿದವರು:
ಹೌದು ಸರ್, ಮೇನ್ ಆಫ್ ಮಾಡಿಯೇ ಹೋಗೋದು. ವರ್ಷ 2008 ಅಂತ ತೋರಿಸುತ್ತೆ! ನಾನು ಗಮನಿಸಿಯೇ ಇರಲಿಲ್ಲ. ಸಿಕ್ಕಿಕೊಳ್ಳೋದು ಎಲ್ಲವೂ. ಸುಮ್ನೆ ಒಂದು ಫೋಲ್ಡರ್ ತೆರೆದರೂ ನಿಂತುಬಿಡುತ್ತೆ. ಆಗ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತೆ.

ಉತ್ತರ:
ವೈರಸ್ ಮೇಲೆ ಅನುಮಾನ ಬೇಡ. ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಅದರಲ್ಲಿ ಎರಡು ಹಾರ್ಡ್‌ವೇರ್‌ನವು. ಫಾರ್ಮ್ಯಾಟ್ ಮಾಡಿದರೆ ಅವು ಹೇಗೆ ಹೋಗುತ್ತವೆ ಹೇಳಿ?

ನಾನು ಅಂಗಡಿಯಲ್ಲಿ ಮೊದಲು ನೋಡುವುದು ಇಷ್ಟೇ. ಒಂದೇ ಸಾಫ್ಟ್‌ವೇರ್, ಯಾವಾಗಲೂ ಒಂದೇ ಮೆಸೇಜ್ ಅಂದರೆ ತೊಂದರೆ ಆ ಸಾಫ್ಟ್‌ವೇರ್‌ನದು. ಹೊತ್ತು ಗೊತ್ತಿಲ್ಲದೆ ಎಲ್ಲ ಕಡೆ ಕೈಕೊಡುತ್ತಿದ್ದರೆ ಡಿಸ್ಕ್, ರ‍್ಯಾಮ್, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಕಡೆ ನೋಡಬೇಕು.

ಎಫ್1 ಮತ್ತು ಸೈಟ್ ಎರರ್ ಎರಡಕ್ಕೂ ಕಾರಣ ಒಂದೇ, ಮದರ್‌ಬೋರ್ಡ್ ಮೇಲಿನ ಸೆಲ್. ಸಿಆರ್2032 ಅಂತ, 3 ವೋಲ್ಟ್‌ನ ಬಿಲ್ಲೆ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೇನ್ ಆನ್ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ, ಬೋರ್ಡ್‌ಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ಗಡಿಯಾರ ಅದರಲ್ಲೇ ನಡೆಯುತ್ತದೆ. ನೀವು ಮೇನ್ ಆಫ್ ಮಾಡಿದ ಮೇಲೆ ಆ ಸೆಲ್ಲೇ ಗತಿ. ಅದು ಸತ್ತಿದೆ, ಹಾಗಾಗಿ ಸಿಮಾಸ್ ಅನ್ನುವ ಬೋರ್ಡ್‌ನ ಸೆಟ್ಟಿಂಗ್ ನೆನಪು ಅಳಿಸಿಹೋಗಿ ಎಫ್1 ಕೇಳುತ್ತದೆ, ದಿನಾ ಬೆಳಿಗ್ಗೆ 2008. ಪ್ರತಿ ಸೈಟ್‌ಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಸರ್ಟಿಫಿಕೇಟ್ ಇರುತ್ತದೆ. ನಿಮ್ಮ ಸಿಸ್ಟಂ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ!

ಸೆಲ್ ಹಾಕುವ ಮುಂಚೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ, ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಡಿಸ್ಕ್ ಜೋಡಣೆಯ ಸಾಟಾ ಮೋಡ್ ಐಡಿಇ ಇದೆಯಾ, ಎಎಚ್‌ಸಿಐ ಇದೆಯಾ ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಅದು ಅದಲುಬದಲಾದರೆ ವಿಂಡೋಸ್ 7 ನೀಲಿ ಸ್ಕ್ರೀನ್ ತೋರಿಸಿ ನಿಂತುಬಿಡುತ್ತದೆ. ಆಮೇಲೆ ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವ ಹಾಗೆ ಸೆಲ್ ಕೂರಿಸಿ. ತಾರೀಖು, ಟೈಮ್ ಸರಿಮಾಡಿ ಸೇವ್ ಮಾಡಿ.

ಆದರೆ ಇದೆಲ್ಲಾ ನಾಳೆ ಮಾಡಿದರೂ ನಡೆಯುತ್ತದೆ. ಇವತ್ತೇ ಮಾಡಬೇಕಾದ್ದು ಬ್ಯಾಕಪ್. ಟಿಕ್ ಟಿಕ್ ಸದ್ದು ಹಾರ್ಡ್ ಡಿಸ್ಕ್‌ನದು. ಖಾತ್ರಿ ಮಾಡಿಕೊಳ್ಳಬೇಕೆಂದರೆ ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಂ ನೋಡಿ. ಕೆಂಪು ಗುರುತಿನ ಸಾಲಲ್ಲಿ ಸೋರ್ಸ್ 'ಡಿಸ್ಕ್', ಇವೆಂಟ್ ಐಡಿ 7 ಅಂತ ಇದ್ದರೆ ಡಿಸ್ಕ್‌ನಲ್ಲಿ ಬ್ಯಾಡ್ ಬ್ಲಾಕ್, ಅಂದರೆ ಓದಲಾಗದಂತೆ ಕೆಟ್ಟ ಜಾಗ, ಇದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು:
ಐಡಿ 7 ಒಂದಲ್ಲ ಸರ್, ಸಾಲು ಸಾಲಾಗಿದೆ. ಡಿಸ್ಕ್ ಪರೀಕ್ಷೆ ಮಾಡುವ ಚೆಕ್‌ಡಿಸ್ಕ್ ಹಾಕಲಾ? ಫೈಲ್ ಎಲ್ಲಾ ಡಿ ಡ್ರೈವ್‌ನಲ್ಲಿದೆ, ಅದಕ್ಕೇನೂ ಆಗಲ್ಲ ಅಲ್ವಾ?

ಉತ್ತರ:
ಆಗುತ್ತದೆ! ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಚೆಕ್‌ಡಿಸ್ಕ್ ಈಗ ಬೇಡ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿದರೆ ಇರುವುದೂ ಹೋಗಬಹುದು. ಗಿರಾಕಿಗಳ ಫೈಲು ಮೊದಲು ಕಾಪಿ ಮಾಡಿ, ಆಮೇಲೆ ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಫಾಂಟ್ಸ್ ಫೋಲ್ಡರ್. ಪೆನ್‌ಡ್ರೈವೋ ಎಕ್ಸ್‌ಟರ್ನಲ್ಲೋ, ಯಾವುದಾದರೂ ಸರಿ. ಸಿನಿಮಾ, ಹಾಡು ಆಮೇಲೆ ನೋಡಿಕೊಳ್ಳಿ.

ಆಮೇಲೆ ಹಾರ್ಡ್ ಡಿಸ್ಕ್ ಬದಲು ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ನಿಮ್ಮ ಹಳೇ ಬೋರ್ಡ್‌ನಲ್ಲೂ ನಡೆಯುತ್ತದೆ. ಪೂರ್ತಿ ಸ್ಪೀಡ್ ಸಿಗಲ್ಲ, ಆದರೂ ಈಗಿನದಕ್ಕಿಂತ ಎಷ್ಟೋ ಮೇಲು. ಬ್ಯಾಡ್ ಬ್ಲಾಕ್ ಇರುವ ಡಿಸ್ಕನ್ನು ಕ್ಲೋನ್ (ಇದ್ದದ್ದು ಇದ್ದ ಹಾಗೇ ನಕಲು) ಮಾಡುವ ಬದಲು ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ.

ಗುಂಪಿನ ಇನ್ನೊಬ್ಬರು:
ಡಿಎಲ್ಎಲ್ ಎರರ್‌ಗೆ ಸುಲಭ ಇದೆ ಬ್ರೋ. ಗೂಗಲ್‌ನಲ್ಲಿ ಆ ಫೈಲ್ ಹುಡುಕಿ ಸಿಸ್ಟಂ32 ಫೋಲ್ಡರ್‌ಗೆ ಹಾಕಿ, ಮುಗೀತು.

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಆ ಬಿಡಿ ಫೈಲ್ ಕೊಡುವ ಸೈಟ್‌ಗಳಿಂದ ಬರುವುದು ಯಾವ ಆವೃತ್ತಿ, ಜೊತೆಗೆ ಏನೇನು ಬರುತ್ತದೆ, ಯಾರಿಗೆ ಗೊತ್ತು? ಈ ಡಿಎಲ್ಎಲ್ ಮೈಕ್ರೋಸಾಫ್ಟ್‌ನ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್‌ನ ಭಾಗ. ಮೈಕ್ರೋಸಾಫ್ಟ್ ಸೈಟ್‌ನಿಂದಲೇ, ವಿಂಡೋಸ್ 7ಕ್ಕೆ ಆಗುವ ಆವೃತ್ತಿ ನೋಡಿ ಹಾಕಿ. ವಿಂಡೋಸ್ 7ರ ದೊಡ್ಡ ಅಪ್‌ಡೇಟ್ ಆದ ಸರ್ವಿಸ್ ಪ್ಯಾಕ್ 1 ಮೊದಲೇ ಇರಬೇಕು. 64 ಬಿಟ್ ವಿಂಡೋಸ್ ಆದರೆ ಎಕ್ಸ್86 (32 ಬಿಟ್‌ನದು), ಎಕ್ಸ್64 (64 ಬಿಟ್‌ನದು) ಎರಡನ್ನೂ ಹಾಕಿ. ಸಾಫ್ಟ್‌ವೇರ್ 32 ಬಿಟ್‌ನದಾದರೆ ಅದು ಕೇಳುವುದು ಎಕ್ಸ್86 ಅನ್ನೇ.

ಕುವೆಂಪುನಗರದ ನಿವೃತ್ತ ಮೇಷ್ಟ್ರು:
ನನ್ನದೂ ವಿಂಡೋಸ್ 7. ತಾರೀಖು ಸರಿಯಾಗಿದೆ, ಆದರೂ ಕೆಲವು ಸೈಟ್‌ಗಳಲ್ಲಿ 'ಪ್ರೈವೇಟ್ ಅಲ್ಲ' ಅಂತ ಬರುತ್ತದೆ. ಪಿಂಚಣಿ ಹಣ ನೋಡಲು ಬ್ಯಾಂಕ್ ಸೈಟ್ ತೆಗೆಯಬಹುದೇ?

ಉತ್ತರ:
ಮೇಷ್ಟ್ರೇ, ಬ್ಯಾಂಕ್ ಕೆಲಸ ಅದರಲ್ಲಿ ಬೇಡ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಕ್ರೋಮ್ ಕೂಡ 109ನೇ ಆವೃತ್ತಿಗೆ ನಿಂತುಹೋಯಿತು. ಸೈಟ್‌ಗಳ ಸರ್ಟಿಫಿಕೇಟ್ ನಂಬಲು ಸಿಸ್ಟಂನಲ್ಲಿ ರೂಟ್ ಸರ್ಟಿಫಿಕೇಟ್‌ಗಳ ಪಟ್ಟಿ ಇರುತ್ತದೆ. ಅಪ್‌ಡೇಟ್ ಇಲ್ಲದ ಸಿಸ್ಟಂನಲ್ಲಿ ಆ ಪಟ್ಟಿ ಹಳತಾಗುತ್ತದೆ. 2021ರ ಸೆಪ್ಟೆಂಬರ್ 30ಕ್ಕೆ ಒಂದು ದೊಡ್ಡ ರೂಟ್ ಸರ್ಟಿಫಿಕೇಟ್ ಅವಧಿ ಮುಗಿದಾಗ ಎಷ್ಟೋ ಹಳೇ ಯಂತ್ರಗಳಲ್ಲಿ ಇದೇ ಗೋಳು ಶುರುವಾಯಿತು. ಫೈರ್‌ಫಾಕ್ಸ್ ತನ್ನ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಅದರ 115 ಇಎಸ್‌ಆರ್ ಅನ್ನುವ ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುತ್ತದೆ. ಪೇಪರ್ ಓದೋಕೆ ಅದು ಸಾಕು, ಬ್ಯಾಂಕ್‌ಗೆ ಮೊಬೈಲ್ ಬಳಸಿ. 'ಆದರೂ ಮುಂದುವರಿಯಿರಿ' ಅನ್ನುವುದನ್ನು ಮಾತ್ರ ಒತ್ತಬೇಡಿ.

ಪ್ರಶ್ನೆ ಕೇಳಿದವರು:
ಫೈಲ್ ಎಲ್ಲಾ ಪೆನ್‌ಡ್ರೈವ್‌ಗೆ ಬಂತು ಸರ್. ಎರಡು ಲಗ್ನಪತ್ರಿಕೆ ಕಾಪಿ ಆಗುತ್ತಿಲ್ಲ, ಹೋಗಲಿ. ಆದರೆ ನಮ್ಮ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸುಮೇಲೋಗರ. ಫೈಲ್ ಹಾಳಾಯ್ತಾ?

ಉತ್ತರ:
ಹಾಳಾಗಿಲ್ಲ. ನೀವು ಟೈಪ್ ಮಾಡಿರುವುದು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡ ಕೂರಿಸಿದ ಫಾಂಟ್), ಆ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲ. ನುಡಿ ಹಾಕಿ, ಫೈಲನ್ನು ಮತ್ತೆ ತೆರೆಯಿರಿ. ಎಸ್‌ಎಸ್‌ಡಿ ಹಾಕಿಸಿದ ಮೇಲೂ ಇದೇ ಕೆಲಸ ಮೊದಲು ಮಾಡಿ.